ಹೊತ್ತು ಮುಳುಗುವ ಕಡೆಯ ಗೋಲು

ಆ ಭಾನುವಾರ ಬೆಳಗ್ಗೆ ಹಂಪಯ್ಯ ಕೌಲ್ ಬಜಾರಿನ ತನ್ನ ಕೋಣೆಯ ಹೊಸ್ತಿಲ ಮೇಲೆ ಕೂತು, ಕಾಣುವುದನ್ನೆಲ್ಲ ಒಂದೊಂದಾಗಿ ಕಂಡುಕೊಳ್ಳುತ್ತಿದ್ದ. ಎದುರಿನ ಗೋಡೆಯ ಮೇಲೆ ಬಳ್ಳಾರಿ ನಮ್ಮದು ಎಂದು ಯಾರೋ ಕನ್ನಡದಲ್ಲಿ ಬರೆದಿದ್ದರು. ಅದನ್ನು ಅರ್ಧ ಅಳಿಸಿ ಇನ್ಯಾರೋ ಅದೇ ಮಾತನ್ನು ತೆಲುಗಿನಲ್ಲಿ ಬರೆದಿದ್ದರು. ಅವನಿಗೆ ಎರಡೂ ಓದಲು ಬರುತ್ತಿರಲಿಲ್ಲ; ಆದರೆ ಎರಡೂ ಕಾಣುತ್ತಿದ್ದವು. ಗೋಡೆಯ ಬುಡದಲ್ಲಿ ಮಲಗಿದ್ದ ನಾಯಿಯ ಕಿವಿಯ ಮೇಲಿನ ನೊಣ ಕಾಣುತ್ತಿತ್ತು. ಎಲ್ಲಿಂದಲೋ ತೇಲಿಬಂದ ಹತ್ತಿಯ ಎಳೆಯೊಂದು ಬಿಸಿಲಿನಲ್ಲಿ ಇಳಿಯಲೋ ಬೇಡವೋ ಎಂದು ತಡೆದು ನಿಂತದ್ದು ಕಾಣುತ್ತಿತ್ತು. ಇಷ್ಟೆಲ್ಲ ಕಾಣುವ ಕಣ್ಣು ಹೊತ್ತು ಇಳಿಯುತ್ತಲೇ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ, ಒಳಗೇ ಇರುತ್ತದೆ, ಯಾರೋ ಹೊರಗಿನಿಂದ ಬಾಗಿಲು ಎಳೆದುಕೊಂಡು ಹೋಗುತ್ತಾರೆ ಎಂದು ಅವನಿಗೆ ಅನ್ನಿಸುತ್ತಿತ್ತು. ಅವನು ಬ್ರೂಸ್‌ಪೇಟೆಯ ಹತ್ತಿ ಮಿಲ್ಲಿನ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಹೆಸರಿಗೆ ಹತ್ತಿ ಒತ್ತುವ ಯಂತ್ರದ ಕೂಲಿ. ಮಿಲ್ಲಿನವರು ಸಂಬಳವನ್ನೂ ಈ ಕೋಣೆಯನ್ನೂ ಕೊಟ್ಟದ್ದು ಮಾತ್ರ ಎರಡು ಕಂಬಗಳ ನಡುವೆ ನಿಲ್ಲುವುದಕ್ಕೆ. ಎರಡನೆಯ ಮಹಾಯುದ್ಧ ಮುಗಿಯುವ ಮುಂಚಿನಿಂದಲೂ ನಿಂತಿದ್ದ. ಗುಂತಕಲ್ಲಿನ ರೈಲ್ವೆಯವರ ಎದುರು, ಆದೋನಿಯವರ ಎದುರು, ಹೊಸಪೇಟೆಯ ಡ್ಯಾಮಿನ ಕೆಲಸಗಾರರ ಎದುರು ನಿಂತಿದ್ದ. ಮದರಾಸಿನ ದೊಡ್ಡ ತಂಡಗಳು ಅವನನ್ನು ಕರೆಯಲಿಲ್ಲ. ಕರೆಯಬಹುದೆಂದು ಅವನೂ ಕಾದವನಲ್ಲ.

ಹೋದ ಭಾನುವಾರ ಸಿರುಗುಪ್ಪದಲ್ಲಿ ಫೈನಲ್ ಇತ್ತು. ಸಿರುಗುಪ್ಪ ಅವನು ಹುಟ್ಟಿದ ಊರು, ಎದುರಿಗಿದ್ದದ್ದು ಆ ಊರಿನ ತಂಡ. ಮಿಲ್ಲಿನವರು ಒಂದು ಗೋಲು ಮುಂದಿದ್ದರು. ಆಟ ಇನ್ನೇನು ಮುಗಿಯುವುದರಲ್ಲಿತ್ತು. ಹೊಳೆಯ ಕಡೆಯಿಂದ ತಂಪು ಗಾಳಿ ಬೀಸಿ, ಭತ್ತದ ಗದ್ದೆಗಳ ಮೇಲಿನ ಬೆಳಕೆಲ್ಲ ಒಂದೇ ಸಲ ಹಿಂಗಿದಂತಾಗಿ, ಮೈದಾನದಲ್ಲಿ ಓಡುವವರು ಮೊದಲು ಮುಖ ಕಳೆದುಕೊಂಡರು, ಆಮೇಲೆ ಕಾಲು ಕಳೆದುಕೊಂಡರು. ಉಳಿದದ್ದು ಧೂಳು ಮತ್ತು ಸದ್ದು. ಆ ಧೂಳಿನೊಳಗಿಂದ ಒಂದು ಸಾಧಾರಣ ಚೆಂಡು, ಎಳೆಯ ಮಕ್ಕಳೂ ತಡೆಯಬಹುದಾದ ಚೆಂಡು, ಉರುಳುತ್ತಾ ಬಂದು ಅವನ ಬಲಗಾಲಿನ ಪಕ್ಕದಲ್ಲೇ ಹಾದು ಬಲೆ ಸೇರಿತು. ಅವನು ಕದಲಲಿಲ್ಲ. ಬಲೆ ಅಲುಗಿದ ಸದ್ದು ಕೇಳಿ ತಿರುಗಿದ. ಆಟ ಸಮವಾಯಿತು, ಸೀಟಿ ಕೇಳಿತು, ಮತ್ತು ಸಿರುಗುಪ್ಪದವರು ಅವನ ಮೇಲೆ ಬಿದ್ದರು. ಹೊಡೆಯುವುದಕ್ಕೆಂದು ತಿಳಿದು ಅವನು ತೋಳನ್ನು ಮುಖಕ್ಕೆ ಅಡ್ಡ ಹಿಡಿದಿದ್ದ. ಅವರು ಹಾರ ಹಾಕಿದರು. ಊರಿನ ದೊಡ್ಡ ಜಮೀನುದಾರ ಕಾಡಸಿದ್ದಪ್ಪ, ಯಾವ ಕಾಡಸಿದ್ದಪ್ಪನ ಕಣದಲ್ಲಿ ಹಂಪಯ್ಯನ ಅವ್ವ ದೂರ ನಿಂತು ಸೆರಗೊಡ್ಡಿ ಕೂಲಿಯ ಜೋಳ ಹಾಕಿಸಿಕೊಳ್ಳುತ್ತಿದ್ದಳೋ ಆ ಕಾಡಸಿದ್ದಪ್ಪ, ಎಲ್ಲರೆದುರು ಅವನ ಬೆನ್ನ ಮೇಲೆ ಅಂಗೈ ಇಟ್ಟು, "ಹುಟ್ಟಿದೂರು ಮರೀಲಿಲ್ಲ ನೋಡು ನಮ್ಮ ಹಂಪಯ್ಯ," ಎಂದ. ಅಂಗೈ ಬಿಸಿಯಾಗಿತ್ತು. ಅಲ್ರೀ, ನನಗೆ ಕಾಣಲಿಲ್ಲ ಎಂದು ಅಲ್ಲಿಯೇ ಹೇಳಬಹುದಿತ್ತು. ಆ ಅಂಗೈ ತೆಗೆಯುವ ತನಕ ಸುಮ್ಮನಿರೋಣ ಅನ್ನಿಸಿತು, ಸುಮ್ಮನಿದ್ದ. ತೆಗೆದ ಮೇಲೆ ಹೇಳಲು ಆಗಲಿಲ್ಲ. ಹಾರ ಹಾಕಿಕೊಂಡೇ ಲಾರಿ ಹತ್ತಿದ. ತಂಡದವರು ಬಳ್ಳಾರಿ ಮುಟ್ಟುವವರೆಗೆ ಅವನೊಂದಿಗೆ ಮಾತಾಡಲಿಲ್ಲ.

"ಇವತ್ತು ಹೇಳಿಬಿಡು," ಎಂದಳು ಹನುಮಮ್ಮ ಒಳಗಿನಿಂದ. ಅವನ ಕಣ್ಣಿನ ವಿಷಯ ಗೊತ್ತಿದ್ದದ್ದು ಹೆಂಡತಿಯೊಬ್ಬಳಿಗೇ. ಚಳಿಗಾಲದುದ್ದಕ್ಕೂ ಅವಳು ಕಣ್ಣಿಗೆ ಮದ್ದೆಂದು ಆಡಿನ ಯಕೃತ್ತು, ಈಲಿ, ಬೇಯಿಸಿ, ಅದರ ಹಬೆಗೆ ಅವನ ಮುಖ ಹಿಡಿಸಿ, ಆಮೇಲೆ ಅದನ್ನೇ ತಿನ್ನಿಸಿದ್ದಳು.

"ಏನಂತ ಹೇಳಲಿ?"

"ಹೊತ್ತು ಮುಳುಗಿದ್ರ ಕಾಣಂಗಿಲ್ಲ ಅಂತ. ಊರಿಗೆ ಆಟ ಮಾರಿಕೊಂಡ ಅಂತ ಬಾವಿಕಟ್ಟಿ ಮ್ಯಾಲೆ ನನ್ನ ಮುಂದನ ಆಡಿಕೊಳ್ತಾರ. ನಾ ಎಷ್ಟಂತ ಕೊಡ ತುಂಬಿಕೊಂಡು ತಲಿ ಬಗ್ಗಿಸಿ ಬರಲಿ?"

"ಅನುಮಾನ ಇದ್ದಾವಗ ಇನ್ನೊಂದು ಆಟ ಕೊಡ್ತಾರ. ಕಣ್ಣಿಲ್ಲದಾವಗ ಏನು ಕೊಡ್ತಾರಬೇ?"

ಒಲೆಯ ಮುಂದೆ ಕೂತ ಅವಳ ಬೆನ್ನು ಅವನಿಗೆ ಚೆನ್ನಾಗಿ ಕಾಣುತ್ತಿತ್ತು, ಕುಪ್ಪಸದ ಹೊಲಿಗೆ ಬಿಟ್ಟದ್ದೂ ಕಾಣುತ್ತಿತ್ತು.

ಮರುಪಂದ್ಯ ಕುರುಗೋಡಿನಲ್ಲಿ, ಇಬ್ಬರಿಗೂ ಸೇರದ ಊರಿನಲ್ಲಿ. ಲಾರಿ ಬ್ರೂಸ್‌ಪೇಟೆಯ ಹತ್ತಿ ಅಂಗಡಿಗಳ ಮುಂದೆ ನಿಂತಿತ್ತು. ಮಿಲ್ಲಿನ ಗುಮಾಸ್ತ, ತಂಡದ ಉಸ್ತುವಾರಿ ನೋಡಿಕೊಳ್ಳುವ ಗಾದಿಲಿಂಗಪ್ಪ, ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬೊಬ್ಬರನ್ನೇ ಹತ್ತಿಸುತ್ತಿದ್ದ. ಹಂಪಯ್ಯನ ಸರದಿ ಬಂದಾಗ ಕೊಡೆಯನ್ನು ಅಡ್ಡ ಹಿಡಿದ.

"ನೋಡಪಾ, ನಮಗ ಬ್ಯಾರೆ ಗೋಲ್ಕಿ ಸಿಕ್ಕಿದ್ರ ನಿನ್ನ ಹತ್ತಿಸಿಕೊಳ್ತಿರಲಿಲ್ಲ. ಸಿಕ್ಕಿಲ್ಲ. ಅಷ್ಟ. ಇವತ್ತೂ ಅಂಥದ್ದೊಂದು ಬಿಟ್ಟಿ ಅಂದ್ರ ನಾಳೆ ಕೋಣಿ ಖಾಲಿ ಮಾಡಬೇಕಾಗತೈತಿ."

"ಹೂನ್ರಿ ಯಜಮಾನ್ರ."

ತಂಡದ ನಾಯಕ ಓಬಣ್ಣ ಲಾರಿಯ ಮೇಲಿನಿಂದ ಇದನ್ನೆಲ್ಲ ಕೇಳಿಸಿಕೊಂಡು ಆಕಾಶ ನೋಡುತ್ತಿದ್ದ. ಹಂಪಯ್ಯ ಎಂದಿನಂತೆ ಲಾರಿಯ ಹಿಂಬದಿಯ ಮೂಲೆಯಲ್ಲಿ, ಉಳಿದವರಿಗೆ ತಗಲದಂತೆ, ಮೊಣಕಾಲು ಎದೆಗೆ ಎಳೆದುಕೊಂಡು ಕೂತ. ಹಾಗೆ ಕೂರಬೇಕೆಂದು ಯಾರೂ ಎಂದೂ ಹೇಳಿರಲಿಲ್ಲ. ಯಾರೂ ಏನೂ ಹೇಳುತ್ತಿರಲಿಲ್ಲ. ಯುದ್ಧದ ಕಾಲದಲ್ಲಿ ದಂಡಿನ ಮೈದಾನದ ಹುಲ್ಲು ಕೊಯ್ಯುತ್ತಿದ್ದ ಅವನನ್ನು ಬಿಳಿಯ ಸೋಲ್ಜರುಗಳು, ಒಬ್ಬ ಕಡಿಮೆಯಾದನೆಂದು, ಕೈಸನ್ನೆ ಮಾಡಿ ಕರೆದು ಕಂಬಗಳ ನಡುವೆ ನಿಲ್ಲಿಸಿದ್ದರು. ಮೊದಲ ಚೆಂಡು ಹೊಟ್ಟೆಗೆ ಬಡಿದು ಉಸಿರು ನಿಂತು ಹೋದಾಗ ಅವರಲ್ಲೊಬ್ಬ ಓಡಿ ಬಂದು ಅವನನ್ನು ಎತ್ತಿ ನಿಲ್ಲಿಸಿ, ಬೆನ್ನು ತಟ್ಟಿ, ತಿಳಿಯದ ಭಾಷೆಯಲ್ಲಿ ಏನೋ ಹೇಳಿ ನಕ್ಕಿದ್ದ. ಅಲ್ಲಿಂದ ಮಿಲ್ಲಿನ ತಂಡಕ್ಕೆ ಬಂದ ಮೇಲೆ ತಾನು ಅದೃಷ್ಟವಂತನೆಂದೇ ಅವನು ತಿಳಿದಿದ್ದ. ಉಳಿದ ಹತ್ತು ಮಂದಿ ಮೈದಾನದ ತುಂಬ ಒಬ್ಬರ ಮೇಲೊಬ್ಬರು ಬಿದ್ದು ಏಳುತ್ತಿದ್ದರು, ಗೋಲು ಹೊಡೆದರೆ ನಡುಮೈದಾನದಲ್ಲಿ ಗುಂಪಾಗಿ ತಬ್ಬಿಕೊಳ್ಳುತ್ತಿದ್ದರು. ತಾನು ದೂರದಲ್ಲಿದ್ದೇನೆ, ಮೈದಾನ ಉದ್ದವಾಗಿದೆ, ಅದಕ್ಕೇ ಇಲ್ಲಿಯ ತನಕ ಬರುವುದಿಲ್ಲ ಎಂದುಕೊಂಡಿದ್ದ. ಒಮ್ಮೆ ಅವನು ಜ್ವರದಲ್ಲಿದ್ದಾಗ ಆಗ ಮಿಲ್ಲಿನಲ್ಲಿದ್ದ, ಈಗ ಇಲ್ಲದ ಪಾಲಯ್ಯನೆಂಬವನನ್ನು ಗೋಲಿಗೆ ನಿಲ್ಲಿಸಿದ್ದರು. ಹಂಪಯ್ಯ ಕಂಬಳಿ ಹೊದ್ದು ನೋಡಲು ಹೋಗಿದ್ದ. ಪಾಲಯ್ಯ ಒಂದು ಚೆಂಡು ಹಿಡಿದ. ಅಷ್ಟೂ ಜನ ಮೈದಾನದ ಆ ತುದಿಯಿಂದ ಈ ತುದಿಗೆ ಓಡಿ ಬಂದು ಅವನನ್ನು ಎತ್ತಿಕೊಂಡರು. ಆ ದಿನ ಮೈದಾನ ಉದ್ದವಾಗಿರಲಿಲ್ಲ. ತನ್ನನ್ನು ಗೋಲಿಗೆ ನಿಲ್ಲಿಸಿದ್ದು ಏಕೆಂದು ಅವನಿಗೆ ಆಗ ಹೊಳೆಯಿತು: ಅವನು ಮುಟ್ಟುವುದು ಚೆಂಡನ್ನು, ಅವರು ಅದನ್ನು ಕಾಲಿನಿಂದ ಒದೆಯುತ್ತಾರೆ, ನಡುವೆ ಯಾರಿಗೂ ಏನೂ ತಗಲುವುದಿಲ್ಲ. ಸಿಟ್ಟು ಬಂದಿರಲಿಲ್ಲ. ಕಂಬಳಿಯೊಳಗೆ ಚಳಿ ಹೆಚ್ಚಾಗಿತ್ತು, ಅಷ್ಟೇ. ಮಾರನೆಯ ವಾರ ಹೋಗಿ ಮತ್ತೆ ಅಲ್ಲಿಯೇ ನಿಂತ.

ರಸ್ತೆಯ ಎರಡೂ ಕಡೆ ಎರೆಹೊಲಗಳಲ್ಲಿ ಹತ್ತಿ ಒಡೆದಿತ್ತು. ಬಿಸಿಲಿನಲ್ಲಿ ಆ ಬಿಳುಪು ಕಣ್ಣು ಕುಕ್ಕಿ, ಅವನು ರೆಪ್ಪೆ ಮುಚ್ಚಿದರೆ ಒಳಗೂ ಬಿಳುಪೇ ಇತ್ತು, ಆ ಬಿಳುಪಿನೊಳಗಿಂದ ಅವ್ವ ಸುಂಕಮ್ಮ ಗೋಡೆ ಹಿಡಿದುಕೊಂಡು ಬರುತ್ತಿದ್ದಳು. ಸಿರುಗುಪ್ಪದ ಕೇರಿಯಲ್ಲಿ ಸಂಜೆಯಾದರೆ ಅವಳು ಹಾಗೇ ಬರುತ್ತಿದ್ದಳು, ಒಂದು ಕೈ ಗೋಡೆಯ ಮೇಲೆ, ಒಂದು ಕೈ ಗಾಳಿಯಲ್ಲಿ. ಗೋಡೆ ಮುಗಿದಲ್ಲಿ ನಿಂತು, "ಹಂಪಾ" ಎಂದು ಕೂಗುತ್ತಿದ್ದಳು. ಅವನು ಓರಗೆಯವರೊಂದಿಗೆ ಕೂತಿದ್ದರೆ ಕೇಳಿಸಲಿಲ್ಲವೆಂಬಂತೆ ಇರುತ್ತಿದ್ದ. ಅವಳು ಮತ್ತೆ ಕೂಗುತ್ತಿರಲಿಲ್ಲ. ಅಲ್ಲೇ ಕಾಯುತ್ತಿದ್ದಳು, ಕತ್ತಲಿನಲ್ಲಿ ಮುಖವನ್ನು ಸ್ವಲ್ಪ ಮೇಲೆತ್ತಿ, ಎಲ್ಲಿಂದಲೋ ಏನೋ ಎಸೆಯುತ್ತಾರೆ, ತಾನು ಹಿಡಿಯಬೇಕು ಎಂಬಂತೆ. ಕೊನೆಕೊನೆಗೆ ಅವಳಿಗೆ ಹಗಲೂ ಕಾಣಲಿಲ್ಲ. ಆಡಿನ ಈಲಿ ಅವಳೂ ತಿಂದಿದ್ದಳು. ಅದನ್ನು ಅವನು ಹನುಮಮ್ಮನಿಗೆ ಹೇಳಿರಲಿಲ್ಲ, ಬೇಯಿಸಿ ಹಾಕುವವಳಿಗೆ ಅಷ್ಟು ಭರವಸೆಯಾದರೂ ಇರಲೆಂದು.

ಕುರುಗೋಡಿನ ಬಂಡೆಗುಡ್ಡಗಳ ಬುಡದಲ್ಲಿ ಮೈದಾನ. ಆಟ ಶುರುವಾಗುವುದಕ್ಕೆ ಮುಂಚೆ ಯಾರೋ ದೊಡ್ಡವರ ಭಾಷಣವಿತ್ತು, ಆ ದೊಡ್ಡವರು ಬರುವುದು ತಡವಾಯಿತು, ಬಂದ ಮೇಲೆ ಬಳ್ಳಾರಿ ಯಾವ ರಾಜ್ಯಕ್ಕೆ ಸೇರಬೇಕೆಂಬ ಮಾತು ಉದ್ದವಾಯಿತು. ಹಂಪಯ್ಯ ಆ ಮಾತಿನುದ್ದಕ್ಕೂ ನೆರಳು ನೋಡುತ್ತಿದ್ದ. ಗುಡ್ಡದ ನೆರಳು ಪಡುವಣ ಗೋಲಿನ ಕಡೆಗೆ ನಿಧಾನವಾಗಿ, ಯಾರೂ ನೋಡುತ್ತಿಲ್ಲವೆಂದು ತಿಳಿದ ದನದ ಹಾಗೆ, ಸರಿಯುತ್ತಿತ್ತು. ನೆರಳು ಮುಟ್ಟುವ ಮುಂಚೆ, ಮೊದಲರ್ಧದಲ್ಲೇ, ಆ ಗೋಲು ಸಿಕ್ಕರೆ ಬದುಕಿದೆ ಎಂದುಕೊಂಡ. ಓಬಣ್ಣ ನಾಣ್ಯ ಚಿಮ್ಮಿ ಸೋತ. ಮೊದಲರ್ಧ ಮೂಡಣ, ಎರಡನೆಯ ಅರ್ಧ ಪಡುವಣ.

ಮೊದಲರ್ಧದಲ್ಲಿ ಅವನು ತನ್ನ ಜನ್ಮದಲ್ಲೇ ಆಡದ ಆಟ ಆಡಿದ. ಇಳಿಬಿಸಿಲು ಕಣ್ಣಿಗೆ ನೇರವಾಗಿ ಬೀಳುತ್ತಿದ್ದರೂ ಅದು ಅವನಿಗೆ ಹಿತವಾಗಿತ್ತು. ಚೆಂಡು ಅವನ ಕಡೆಗೆ ಬರುವಾಗ ಅದರ ಹೊಲಿಗೆ ಕಾಣುತ್ತಿತ್ತು, ಒದೆಯುವವನ ಕಾಲ್ಬೆರಳು ಕಾಣುತ್ತಿತ್ತು. ಒಮ್ಮೆ ಎಡಕ್ಕೆ ಹಾರಿ, ನೆಲಕ್ಕೆ ಸಮನಾಗಿ ಗಾಳಿಯಲ್ಲಿದ್ದಾಗ, ಅವನಿಗೆ ತಾನು ಇಳಿಯುವುದೇ ಇಲ್ಲವೇನೋ ಅನ್ನಿಸಿತು. ಕೆಳಗೆ ಕೆಂಪು ಧೂಳು, ಮೇಲೆ ಬಂಡೆಗಳು, ಕೈಯಲ್ಲಿ ಚೆಂಡು, ಎಲ್ಲವೂ ಅವನಿಗಾಗಿ ಸ್ವಲ್ಪ ಹೊತ್ತು ನಿಂತು ಕಾದವು. ಆಮೇಲೆ ಮೊಣಕೈ ನೆಲಕ್ಕೆ ತಗಲಿ ಉರಿಯಿತು. ಜನ ಕೂಗಿದರು. ಓಬಣ್ಣ ಮೈದಾನದ ನಡುವಿನಿಂದ ತಿರುಗಿ ನೋಡಿದ. ಗೋಲಿಲ್ಲದೆ ಅರ್ಧ ಮುಗಿಯಿತು. ಮರದ ಕೆಳಗೆ ಎಲ್ಲರೂ ಗಡಿಗೆಯಿಂದ ನೀರು ಮೊಗೆದುಕೊಂಡು ಕುಡಿದರು. ಆಮೇಲೆ ಯಾರೋ ಚೆಂಬು ಎತ್ತಿ ಹಿಡಿದರು, ಹಂಪಯ್ಯ ಬೊಗಸೆಯೊಡ್ಡಿ ಕುಡಿದ. ಮೊಣಕೈಗೆ ಇಳಿದ ನೀರು ಗಾಯದ ಮೇಲೆ ಹರಿದು ತಣ್ಣಗಾಯಿತು.

ಅವನು ಪಡುವಣ ಗೋಲಿಗೆ ಹೋಗುವಾಗ ಕಾಡಸಿದ್ದಪ್ಪ ಅಲ್ಲಿ ಕಾದಿದ್ದ. ಸಿರುಗುಪ್ಪದಿಂದ ಬಂಡಿ ಕಟ್ಟಿಕೊಂಡು ಬಂದವರೆಲ್ಲ ಆ ಗೋಲಿನ ಹಿಂದೆಯೇ ಕೂತಿದ್ದರು. ಕಾಡಸಿದ್ದಪ್ಪನ ಕೈಯಲ್ಲಿ ಗೋಲಿಸೋಡಾದ ಬಾಟಲಿ ಇತ್ತು.

"ಕುಡೀಪಾ. ಚಲೋ ನಾಟಕ ಆಡಿದಿ ಮೊದಲ. ಅಷ್ಟು ಹಿಡೀಲಿಲ್ಲ ಅಂದ್ರ ನಿಮ್ಮವರಿಗೂ ಅನುಮಾನ ಬರತೈತಿ ನೋಡು." ಬಾಟಲಿಯನ್ನು ಕೈಯಿಂದ ಕೈಗೇ ಕೊಟ್ಟ. "ಈಗ ಹೊತ್ತು ಇಳೀತು. ನಮ್ಮ ಹುಡುಗರು ಬರ್ತಾರ. ಮತ್ತ ನಿನಗೇನೂ ಹೇಳಬೇಕಾಗಿಲ್ಲ."

"ಧಣೀ, ನಾ ಅವತ್ತು..."

"ಗೊತ್ತೈತಿ ಬಿಡು. ಹುಟ್ಟಿದೂರಿನ ಕರುಳು ಅದು. ಹೇಳಿಕೊಳ್ಳೂದಲ್ಲ." ಕಾಡಸಿದ್ದಪ್ಪನ ಕಣ್ಣುಗಳು ನಿಜವಾಗಿಯೂ ಒದ್ದೆಯಾಗಿದ್ದವು. "ನಿಮ್ಮವ್ವ ಇದ್ದಿದ್ರ ಎಷ್ಟು ಹಿಗ್ಗತಿದ್ಲು."

ಸೋಡಾ ಗಂಟಲಿಗೆ ಕುಟುಕಿತು. ಸೀಟಿ ಕೇಳಿತು. ಬಾಟಲಿಯನ್ನು ಕಂಬದ ಬುಡದಲ್ಲಿಟ್ಟು ಹಂಪಯ್ಯ ನೆರಳಿನೊಳಗೆ ಹೋಗಿ ನಿಂತ. ನೆರಳು ನೀರಿನ ಹಾಗಿತ್ತು, ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ಸೊಂಟ. ದೂರದ ಮೂಡಣ ತುದಿಯಲ್ಲಿ ಇನ್ನೂ ಬಿಸಿಲಿತ್ತು, ಅಲ್ಲಿ ಆಟ ನಡೆಯುತ್ತಿತ್ತು, ಪುಟ್ಟಪುಟ್ಟ ಹೊಂಬಣ್ಣದ ಜನ ಯಾವುದೋ ಬೇರೆ ಊರಿನಲ್ಲಿ ಎಂಬಂತೆ ಓಡುತ್ತಿದ್ದರು. ಅಲ್ಲಿಯೇ ಇರಲಿ, ಅಲ್ಲಿಯೇ ಆಡಲಿ, ಸೀಟಿ ಊದುವ ತನಕ ಅಲ್ಲಿಯೇ ಇರಲಿ ಎಂದು ಅವನು ಬೇಡಿಕೊಂಡ. ಯಾರನ್ನು ಬೇಡಿಕೊಂಡನೋ ಅವನಿಗೇ ತಿಳಿಯಲಿಲ್ಲ. ನಿದ್ದೆಯಂಥದೊಂದು ಮೈಗೆ ಹತ್ತಿತು. ಹೊಂಬಣ್ಣ ತಾಮ್ರವಾಯಿತು, ತಾಮ್ರ ಬೂದಿಯಾಯಿತು. ಜನರ ಮುಖ ಹೋಯಿತು. ಕಾಲು ಹೋಯಿತು. ಕೂಗು ಹತ್ತಿರವಾಯಿತು. ಹೆಜ್ಜೆಗಳ ಸದ್ದು ನೆಲದೊಳಗಿಂದ ಅಂಗಾಲಿಗೆ ಬಂತು. ಅವನು ಮುಖವನ್ನು ಸ್ವಲ್ಪ ಮೇಲೆತ್ತಿ, ಕೈಗಳನ್ನು ಅಗಲಿಸಿ ಕಾದ. "ಹಂಪಯ್ಯಾ, ಎಡಕ್ಕಲೇ!" ಎಂದು ಎದುರಿನಿಂದ ಯಾರೋ ಕಿರುಚಿದರು. ಅವನು ಎಡಕ್ಕೆ ಹಾರಿದ. ಬಲಗಡೆ ಬಲೆ ಅಲುಗಿತು.

ಗೋಲಿನ ಹಿಂದೆ ಸಿರುಗುಪ್ಪದವರು ಎದ್ದು ಕುಣಿದರು. "ನಮ್ಮ ಹಂಪಯ್ಯ! ನಮ್ಮ ಹಂಪಯ್ಯ!" ಎಂದು ಕೂಗಿದರು. ಅವನು ನೆಲದ ಮೇಲೆಯೇ ಇದ್ದ. ಓಬಣ್ಣ ಓಡಿ ಬಂದದ್ದು ಹೆಜ್ಜೆಯಿಂದ ಗೊತ್ತಾಯಿತು. ಓಬಣ್ಣ ಅವನ ಅಂಗಿಯ ಎದೆ ಹಿಡಿದು ಎತ್ತಿ ನಿಲ್ಲಿಸಿದ. ಒಂದೇ ತಂಡದಲ್ಲಿ ಇಷ್ಟು ವರ್ಷ ಆಡಿದ ಮೇಲೆ ಓಬಣ್ಣನ ಕೈ ಅವನಿಗೆ ತಗಲಿದ್ದು ಅದೇ ಮೊದಲು.

"ಎಷ್ಟಕ್ಕ ಮಾರಿದೆಲೇ? ಹೇಳು. ಎಷ್ಟಕ್ಕ ಮಾರಿದಿ ನಮ್ಮನ್ನ?"

"ಕಾಣಲಿಲ್ಲ ಓಬಣ್ಣ."

"ಏನು ಕಾಣಲಿಲ್ಲ?"

"ಚೆಂಡು. ಅವತ್ತೂ ಕಾಣಲಿಲ್ಲ. ಹೊತ್ತು ಇಳಿದ್ರ ನನಗ ಏನೂ ಕಾಣಂಗಿಲ್ಲ. ಈಗ ನಿನ್ನ ಮಾರಿನೂ ಕಾಣವಲ್ದು."

ಓಬಣ್ಣ ಅಂಗಿ ಬಿಟ್ಟ. ಬಲೆಯಲ್ಲಿದ್ದ ಚೆಂಡನ್ನು ತಂದು, ನಾಲ್ಕಾರು ಹೆಜ್ಜೆ ಹಿಂದೆ ಸರಿದು, ಮೆಲ್ಲಗೆ ಅವನ ಕಡೆಗೆ ಉರುಳಿಸಿದ. ಹಂಪಯ್ಯ ಓಬಣ್ಣನ ಉಸಿರು ಬರುತ್ತಿದ್ದ ಕಡೆಗೇ ನೋಡುತ್ತ ನಿಂತಿದ್ದ. ಚೆಂಡು ಬಂದು ಅವನ ಮೊಣಕಾಲಿನ ಕೆಳಗೆ ತಗಲಿದಾಗ ಬೆಚ್ಚಿಬಿದ್ದು ಎರಡೂ ಕೈಯನ್ನು ಮುಂದಕ್ಕೆ ಚಾಚಿದ. ಚೆಂಡು ಆಗಲೇ ಪಕ್ಕಕ್ಕೆ ಹೋಗಿತ್ತು.

ಕುಣಿಯುತ್ತಿದ್ದವರು ನಿಂತರು. ಕಾಡಸಿದ್ದಪ್ಪ ಕಂಬದ ಹತ್ತಿರಕ್ಕೆ ಬಂದ.

"ಹಂಗಾದ್ರ ಹೋದ ವಾರ? ಊರಿನ ಮ್ಯಾಲಿನ ಪ್ರೀತಿಗೆ ಬಿಟ್ಟಿದ್ದಲ್ಲ?"

ಈಗಲೂ ಹೌದು ಎನ್ನಬಹುದಿತ್ತು. ಅಷ್ಟು ಹೇಳಿದರೆ ಆ ಊರಿನಲ್ಲಿ ಒಂದು ಬಾಗಿಲಾದರೂ ತೆರೆದಿರುತ್ತದೆ, ಹಬ್ಬಕ್ಕೆ ಹೋದಾಗ ಯಾರಾದರೂ ಹೆಸರು ಹಿಡಿದು ಕರೆಯುತ್ತಾರೆ.

"ಅಲ್ರೀ ಧಣಿ. ಕಂಡಿದ್ರ ಹಿಡೀತಿದ್ದೆ."

ಕಾಡಸಿದ್ದಪ್ಪ ಬಗ್ಗಿ ಸೋಡಾದ ಬಾಟಲಿ ತೆಗೆದುಕೊಂಡ, ಅದನ್ನು ಎಲ್ಲಿ ಹಿಡಿಯಬೇಕೆಂದು ಗೊತ್ತಾಗದವನಂತೆ ಕುತ್ತಿಗೆಯ ತುದಿಯಲ್ಲಿ ಎರಡು ಬೆರಳಿನಿಂದ ಹಿಡಿದ. ಅವನು ದೂರ ಹೋದದ್ದು ಚಪ್ಪಲಿಯ ಸದ್ದಿನಿಂದ ತಿಳಿಯಿತು. ಎದೆಯಿಂದ ಏನೋ ಕಳಚಿ ಬಿದ್ದಂತಾಗಿ, ನೋವೋ ಸುಖವೋ ತಿಳಿಯದೆ ಹಂಪಯ್ಯ ಉಸಿರೆಳೆದುಕೊಂಡ.

"ಅಂಗಿ ಬಿಚ್ಚು," ಎಂದ ಓಬಣ್ಣ. "ನಾ ನಿಲ್ತೀನಿ ಗೋಲಿಗೆ. ರೆಫ್ರಿಗೆ ಹೇಳ್ತೀನಿ."

"ನಾ ಹೊರಗ ಹೋಗ್ಲ್ಯಾ?"

"ಹೊರಗ ಹೋದ್ರ ಹತ್ತು ಮಂದಿ ಆಗ್ತೀವಿ. ನೀ ಮುಂದ ಹೋಗಿ ಆಡು."

"ಕಣ್ಣ..."

"ಕಣ್ಣಿಲ್ಲದಿದ್ರೇನು, ಕಾಲು ಅದಾವಲ್ಲ. ಅಡ್ಡ ನಿಲ್ಲು, ಸಾಕು."

ಅವನು ತನ್ನ ಹಳದಿ ಅಂಗಿ ಬಿಚ್ಚಿದ. ಓಬಣ್ಣ ತನ್ನ ನೀಲಿ ಅಂಗಿ ಬಿಚ್ಚಿದ. ಎರಡೂ ಬೆವರಿನಿಂದ ತೊಯ್ದು ಭಾರವಾಗಿದ್ದವು. ಹಂಪಯ್ಯನ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡು ಓಬಣ್ಣ ಸ್ವಲ್ಪ ಹೊತ್ತು ಹಾಗೇ ನಿಂತ. ಆಮೇಲೆ ಬಟ್ಟೆ ತಲೆಯ ಮೇಲಿಂದ ಇಳಿದ ಸದ್ದು ಕೇಳಿತು. ಹಂಪಯ್ಯನೂ ನೀಲಿ ಅಂಗಿ ಹಾಕಿಕೊಂಡ. ಇನ್ನೊಬ್ಬನ ಮೈಯ ಬಿಸಿ ಅವನ ಮೈಗೆ ಅಂಟಿಕೊಂಡಿತು.

ಮೈದಾನದ ನಡುವೆ ಅವನು ಎಂದೂ ನಿಂತಿರಲಿಲ್ಲ. ಅಲ್ಲಿ ಕಂಬಗಳಿರಲಿಲ್ಲ, ಬೆನ್ನಿಗೆ ಬಲೆ ಇರಲಿಲ್ಲ, ಎಲ್ಲ ಕಡೆಯಿಂದಲೂ ಗಾಳಿ ಬರುತ್ತಿತ್ತು. ಸೀಟಿ ಕೇಳಿತು. ಸದ್ದು ಹೋದ ಕಡೆಗೆ ಅವನು ಓಡಿದ. ಒಂದು ಭುಜ ಬಂದು ತಗಲಿತು, ಯಾರದೋ ಮೊಣಕೈ ಪಕ್ಕೆಗೆ ಬಡಿಯಿತು, ಯಾರೋ "ಸರೀಲೇ" ಎಂದು ಎದೆಗೆ ಕೈ ಹಾಕಿ ತಳ್ಳಿದರು. ಅದು ತಮ್ಮವನೋ ಸಿರುಗುಪ್ಪದವನೋ ತಿಳಿಯಲಿಲ್ಲ. "ಬಲಕ್ಕ ಹಂಪಯ್ಯ, ಬಲಕ್ಕ," ಎಂದಿತು ಒಂದು ದನಿ, ಬಲಕ್ಕೆ ಓಡಿದ. "ನಿಲ್ಲು," ಎಂದಿತು ಇನ್ನೊಂದು, ನಿಂತ. ಒಮ್ಮೆ ಚೆಂಡು ತಾನಾಗಿಯೇ ಬಂದು ಅವನ ತೊಡೆಗೆ ಬಡಿದು ಎಲ್ಲಿಗೋ ಹೋಯಿತು, ಅಷ್ಟಕ್ಕೇ ಯಾರೋ "ಭೇಷ್" ಎಂದರು. ಕಾಲುಗಳ ಕಾಡಿನೊಳಗೆ ಅವನು ತೇಲುತ್ತಿದ್ದ. ಬೆವರಿನ, ಎಣ್ಣೆಯ, ಬೀಡಿಯ, ಮಣ್ಣಿನ ವಾಸನೆ ಬಂದು ಬಂದು ಮುಖಕ್ಕೆ ತಗಲುತ್ತಿತ್ತು. ಇಷ್ಟು ವರ್ಷ ಈ ಹೊಂಬಣ್ಣದ ಊರನ್ನು ಅವನು ದೂರದಿಂದ ನೋಡಿದ್ದ. ಈಗ ಅದರೊಳಗೆ ಬಂದಾಗ ಅದು ಕಾಣುತ್ತಿರಲಿಲ್ಲ. ಕೊನೆಗೆ ಒಂದು ಕಾರ್ನರ್ ಬಂತು. ಎಲ್ಲರೂ ಒಂದೇ ಕಡೆಗೆ ನುಗ್ಗಿದರು. ಅವನೂ ನುಗ್ಗಿದ, ಯಾರ ಕಾಲಿಗೋ ಎಡವಿದ, ಅವನ ಮೇಲೆ ಒಬ್ಬ ಬಿದ್ದ, ಆ ಒಬ್ಬನ ಮೇಲೆ ಇನ್ನಿಬ್ಬರು. ಧೂಳು ಬಾಯಿಗೆ ಬಂತು. ಯಾರದೋ ಎದೆ ಅವನ ಬೆನ್ನಿನ ಮೇಲೆ ಏರಿ ಇಳಿಯುತ್ತಿತ್ತು. ಆಟ ಮುಗಿದ ಸೀಟಿ ಕೇಳಿತು. ಸೋತಿದ್ದರು. ಮೇಲಿದ್ದವರು ದಣಿದಿದ್ದರಿಂದ ಬೇಗ ಏಳಲಿಲ್ಲ, ಅವನು ಕೆಳಗೆ ಕೆನ್ನೆಯನ್ನು ಮಣ್ಣಿಗೊತ್ತಿ ಕಣ್ಣು ಮುಚ್ಚಿಕೊಂಡ.

ಲಾರಿಯ ಹತ್ತಿರ ಗಾದಿಲಿಂಗಪ್ಪ ಲಾಟೀನು ಎತ್ತಿ ಅವನ ಮುಖ ನೋಡಿದ. "ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ರ ಆಡಸ್ತಿದ್ರೇನ್ರಿ?"

"ಇಲ್ಲ."

"ಅದಕ್ಕ ಹೇಳಲಿಲ್ರಿ."

ಗಾದಿಲಿಂಗಪ್ಪ ಲಾಟೀನು ಇಳಿಸಿದ. "ತಂಡದಾಗ ಇನ್ನ ಆಗೂದಿಲ್ಲ. ಹಗಲು ಪಾಳಿ ಇರತೈತಿ, ಹತ್ತಿ ಅಂಡಿಗಿ ಹೊರೂದು. ಬಂದ್ರ ಬಾ. ಕೋಣೀದು ನಾ ಮಾತು ಕೊಡಂಗಿಲ್ಲ, ಮ್ಯಾಲಿನವರನ್ನ ಕೇಳ್ತೀನಿ."

ಮರುದಿನ ಬೆಳಗ್ಗೆ ಹನುಮಮ್ಮ ಅವನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿ ಬಿಸಿನೀರು ಹಾಕುತ್ತಿದ್ದಳು. ಆಟದಿಂದ ಬಂದ ಮರುದಿನ ಅವನ ಗಾಯಗಳು ಎಲ್ಲಿರುತ್ತವೆಂದು ಅವಳಿಗೆ ಗೊತ್ತಿತ್ತು. ಮೊಣಕೈ, ಸೊಂಟ, ಅಂಗೈ, ಎಲ್ಲ ಅವನೇ ನೆಲಕ್ಕೆ ಬಿದ್ದು ಮಾಡಿಕೊಂಡವು. ಇವತ್ತು ಅವನ ಕಣಕಾಲು ನೀಲಿಗಟ್ಟಿತ್ತು. ಪಕ್ಕೆಯಲ್ಲಿ ಮೊಣಕೈ ಊರಿದ ಗುರುತಿತ್ತು. ಬೆನ್ನಿನ ಮೇಲೆ ಯಾರದೋ ಉಗುರು ಗೀರಿತ್ತು. ಚೆಂಬನ್ನು ಕೆಳಗಿಟ್ಟು ಅವಳು ಆ ಗುರುತುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ಹೊಡದ್ರೇನು? ಹೇಳು. ಯಾರು ಒದ್ದಿದ್ದು ಇಲ್ಲಿ?"

ಅವನು ಕಣಕಾಲನ್ನು ಬಿಸಿಲಿಗೆ ಹಿಡಿದು, ಚೆನ್ನಾಗಿ ಕಾಣುತ್ತಿದ್ದ ಆ ನೀಲಿಯನ್ನು ಬಹಳ ಹೊತ್ತು ನೋಡಿದ. ಅವನ ಮುಖದ ಮೇಲೆ ನಗುವಿನಂಥದು ಬಂದಿತ್ತು.

"ಯಾರಂತ ಹೇಳಲಿ," ಎಂದ. "ಎಲ್ಲಾರೂ ಇದ್ರು."